ಹುಳು ಮನೆಯಲ್ಲಿ ಕಟ್ಟಿದ ಹಾಯಿದೋಣಿ

ನಾನು 15 ವರ್ಷ ನೌಕಾಪಡೆಯಲ್ಲಿದ್ದು ಊರಿಗೆ ಮರಳಿದವನು. ಊರು ಚಿಕ್ಕಬಳ್ಳಾಪುರದ ಹತ್ತಿರ. ಸಮುದ್ರದ ಮಾತು ಬಿಡಿ, ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ನಮ್ಮ ಜಿಲ್ಲೆಯಲ್ಲಿಲ್ಲ. ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿಗೆ ಸೇರಿದಾಗ ನನಗೆ ಹುಟ್ಟು ಹಿಡಿಯಲೂ ಬರುತ್ತಿರಲಿಲ್ಲ. ಅಂಗೈ ತುಂಬಾ ಬೊಬ್ಬೆ ಎದ್ದ ಮೇಲೆ ಬಂತು.

ವಾಪಸ್ ಬಂದಾಗ ನಮ್ಮೂರ ಕೆರೆ ಕೆರೆಯಾಗಿರಲಿಲ್ಲ. ಅಂಗಳದ ತುಂಬಾ ಬಳ್ಳಾರಿ ಜಾಲಿ. ನಡುವೆ ಒಂದಿಷ್ಟು ಜಾಗ ಕಡಿದು ಹುಡುಗರು ಕ್ರಿಕೆಟ್ ಆಡುತ್ತಿದ್ದರು. 2021ರ ನವೆಂಬರ್‌ನಲ್ಲಿ ಬಿಡದೆ ಮಳೆ ಹೊಯ್ದು ಆ ಪಿಚ್ಚು, ಜಾಲಿ ಎಲ್ಲಾ ಮುಳುಗಿತು. ಕೆರೆ ಕೋಡಿ ಬಿತ್ತು. ಊರಿನವರು ಬಾಗಿನ ಕೊಟ್ಟರು, ಪಲಾವ್ ಹಂಚಿದರು. ನಾನು ಏರಿ ಮೇಲೆ ನಿಂತು ಹುಡುಗರನ್ನು ನೋಡುತ್ತಿದ್ದೆ. ಸೆಲ್ಫಿಗೆ ಅಂತ ಕೋಡಿಯ ಕಲ್ಲಿನ ಮೇಲೆ ಕಾಲಿಡುತ್ತಿದ್ದರು. ಒಬ್ಬನಿಗೂ ಈಜು ಬರುತ್ತಿರಲಿಲ್ಲ. ಕಲಿಯಲು ನೀರೇ ಇರಲಿಲ್ಲ, ಪಾಪ ಅವರೇನು ಮಾಡಿಯಾರು?

ಶುರುವಾಗಿದ್ದು ಅಲ್ಲಿಂದ. ಮೊದಲು ಖರ್ಚು ಮಾಡಿದ್ದು ದೋಣಿಗಲ್ಲ, ಆರು ಲೈಫ್ ಜಾಕೆಟ್‌ಗೆ. ದಂಡೆಯಲ್ಲಿ ಸೊಂಟದ ಮಟ್ಟದ ನೀರಿರುವ ಜಾಗ ಹುಡುಕಿ, ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿ ಈಜು ಕಲಿಸಿದೆ. ನಮ್ಮಪ್ಪ ನನಗೆ ಬಾವಿಯಲ್ಲಿ ಬೆಂಡು ಕಟ್ಟಿ ಇಳಿಸಿದ್ದರು, ಅದೇ ಪಾಠ. ಈಜು ಬಾರದವರಿಗೆ ದೋಣಿ ಇಲ್ಲ ಅಂದಿದ್ದಕ್ಕೆ ಎರಡೇ ತಿಂಗಳಲ್ಲಿ ಒಂಬತ್ತು ಜನ ಈಜಿದರು. ಆಸೆಗಿಂತ ದೊಡ್ಡ ಮೇಷ್ಟ್ರಿಲ್ಲ.

ದೋಣಿ ಎಲ್ಲಿಂದ ತರುವುದು? ಹೊಸದಕ್ಕೆ ಕೈ ಹಾಕುವ ಶಕ್ತಿ ಇರಲಿಲ್ಲ. ಆಗ ನೆನಪಾಗಿದ್ದು ‘ಆಪ್ಟಿಮಿಸ್ಟ್’. ಲೋಕದಲ್ಲೆಲ್ಲಾ ಮಕ್ಕಳು ಹಾಯಿ ಕಲಿಯುವುದು ಹೆಚ್ಚಾಗಿ ಅದರಲ್ಲೇ. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಅನ್ನುವವರು ಮಕ್ಕಳಿಗೆ ಅಗ್ಗದಲ್ಲಿ ಆಗಲಿ ಅಂತ ಪ್ಲೈವುಡ್‌ನಲ್ಲಿ ಮಾಡಿದ ದೋಣಿ ಅದು. ಮೂತಿ ಚೂಪಿಲ್ಲ, ಮೊಂಡು. ನೋಡಿದರೆ ದನಕ್ಕೆ ನೀರಿಡುವ ತೊಟ್ಟಿ ಇದ್ದ ಹಾಗೆ. ಉದ್ದ ಎಂಟು ಅಡಿಗೂ ಸ್ವಲ್ಪ ಕಡಿಮೆ. ಈಗ ಫೈಬರ್‌ನಲ್ಲಿ ಬರುತ್ತದೆ, ಬರೀ ದೋಣಿಯ ತೂಕ 35 ಕಿಲೋ. ನಾವು ಅದನ್ನೇ ನಕಲು ಮಾಡಲಿಲ್ಲ, ಅಷ್ಟು ಕೈಚಳಕ ನಮಗಿಲ್ಲ. ಅದರ ಯೋಚನೆ ಮಾತ್ರ ಕದ್ದೆವು. ಪ್ಲೈವುಡ್ ಹಾಳೆ ಎಂಟಕ್ಕೆ ನಾಲ್ಕು ಅಡಿ. ಒಂದು ಹಾಳೆ ತಳಕ್ಕೆ, ಇನ್ನೊಂದನ್ನು ಸೀಳಿ ಪಕ್ಕಗಳಿಗೆ. ಅಂಚಿನಲ್ಲಿ ತೂತು ಕೊರೆದು ತಾಮ್ರದ ತಂತಿಯಲ್ಲಿ ಹೊಲಿಯುವುದು, ಸಂದಿಗೆ ರೆಸಿನ್ ಅನ್ನುವ ಅಂಟು ಮೆತ್ತಿ ಫೈಬರ್ ಬಟ್ಟೆ ಅಂಟಿಸುವುದು.

ಕೆಲಸಕ್ಕೆ ನಮ್ಮ ಹಳೇ ರೇಷ್ಮೆ ಹುಳು ಮನೆ ಖಾಲಿ ಇತ್ತು. ಹುಳು ಸಾಕುವುದನ್ನು ನಾವು ಬಿಟ್ಟಿದ್ದೆವು, ಪಕ್ಕದವರು ಬಿಟ್ಟಿರಲಿಲ್ಲ. ಮೂರನೇ ದಿನವೇ ಆ ಮನೆಯ ಅಕ್ಕ ಬಾಗಿಲಿಗೆ ಬಂದು ನಿಂತರು. “ಏನಣ್ಣಾ ಇದು ವಾಸನೆ? ನಮ್ಮ ಹುಳ ಸೊಪ್ಪು ಮುಟ್ತಿಲ್ಲ.” ಅವರ ಮಾತು ಸರಿ. ಹುಳಕ್ಕೆ ಅಗರಬತ್ತಿ ಹೊಗೆಯೇ ಆಗಲ್ಲ, ಇನ್ನು ರೆಸಿನ್ ಘಾಟು ತಡೆದೀತೇ? ಅವತ್ತಿಂದ ನಮ್ಮ ಕ್ಯಾಲೆಂಡರ್ ಅವರ ಬೆಳೆಯ ಲೆಕ್ಕದಲ್ಲೇ ನಡೆಯಿತು. ಅವರು ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ, ಮುಂದಿನ ಚಾಕಿ, ಅಂದರೆ ಮರಿ ಹುಳು, ತರುವವರೆಗೆ ಸಿಗುವ ಕೆಲವೇ ದಿನ ನಮಗೆ ಅಂಟಿನ ಕೆಲಸ. ಉಳಿದ ದಿನ ಗರಗಸ, ಉಪ್ಪುಕಾಗದ. ಒಂದು ತಿಂಗಳ ದೋಣಿಗೆ ಐದು ತಿಂಗಳಾಯಿತು.

ಮೊದಲ ಹಾಯಿ ಹಳೇ ಫ್ಲೆಕ್ಸ್‌ನದು. ಪುಕ್ಕಟೆ ಸಿಕ್ಕಿತ್ತು. ಗಾಳಿ ತುಂಬಿದರೆ ಯಾರೋ ಮುಖಂಡರ ಕೆನ್ನೆ ಉಬ್ಬಿ ಹುಡುಗರು ಬಿದ್ದು ಬಿದ್ದು ನಕ್ಕರು. ಆದರೆ ಫ್ಲೆಕ್ಸ್ ಭಾರ ಜಾಸ್ತಿ, ಮಡಿಕೆಯಲ್ಲೇ ಸೀಳುತ್ತದೆ. ಆಮೇಲೆ ರಾಗಿ ಒಣಗಿಸುವ ಟಾರ್ಪಾಲಿನ್ ಕತ್ತರಿಸಿದೆವು. ಹಾಯಿ ಕಟ್ಟುವ ಕೂವೆಕಂಬಕ್ಕೆ ನೀಲಗಿರಿ ಗಳ ಹಾಕಿ ನೋಡಿದೆವು, ತಲೆಭಾರಕ್ಕೆ ದೋಣಿ ವಾಲಿತು. ಬಿದಿರೇ ಸರಿ ಹೋಯಿತು.

ಅನುಮತಿಯ ಕಥೆ ಜಾಸ್ತಿ ಹೇಳಲ್ಲ. 40 ಹೆಕ್ಟೇರಿಗಿಂತ ಜಾಸ್ತಿ ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಕಡಿಮೆ ಇದ್ದರೆ ಪಂಚಾಯಿತಿಗೆ. ಒಂದು ಕಚೇರಿಯಲ್ಲಿ ನನ್ನ ಅರ್ಜಿ ಓದಿ, “ರೆಸಾರ್ಟ್ ಮಾಡ್ತೀರಾ?” ಅಂದರು. ನಿಜವಾಗಿ ಬೇಕಿದ್ದ ಒಪ್ಪಿಗೆ ಮೀನು ಗುತ್ತಿಗೆ ಹಿಡಿದವರದು. ಬಲೆ ಎಲ್ಲೆಲ್ಲಿ ಬಿಟ್ಟಿದ್ದಾರೆ ಅಂತ ಗೊತ್ತಿಲ್ಲದೆ ಚುಕ್ಕಾಣಿ ಹಿಡಿದರೆ ಎರಡೂ ಹಾಳು. ಭಾನುವಾರ ಬೆಳಗ್ಗೆ ಬಲೆ ಎತ್ತಿಕೊಳ್ಳುತ್ತೇವೆ ಅಂತ ಅವರೇ ಹೇಳಿದರು.

ದೋಣಿ ಇಳಿಸಿದ ದಿನ ತೆಂಗಿನಕಾಯಿ ಒಡೆದು ನೂರು ಅಡಿ ಹೋಗಿರಲಿಲ್ಲ, ಕೆಳಗಿಂದ ‘ಖಟಕ್’ ಅಂತು. ಮುಳುಗಿದ್ದ ಜಾಲಿ ಬೊಡ್ಡೆ. ದೋಣಿ ತಿರುಗಿ, ಒಳಗಿದ್ದ ಹುಡುಗ ನೀರಿಗೆ. ಜಾಕೆಟ್ ಇತ್ತು, ಈಜೂ ಇತ್ತು, ನಗುತ್ತಲೇ ಮೇಲೆ ಬಂದ. ನನ್ನ ಕೈ ಮಾತ್ರ ಸಂಜೆವರೆಗೂ ನಡುಗುತ್ತಿತ್ತು. ಕೆರೆ ಒಣಗಿದ್ದಾಗ ಅದೇ ಜಾಲಿಯ ನಡುವೆ ಎಷ್ಟು ಸಲ ಓಡಾಡಿದ್ದೆ! ಒಂದು ಸಲವೂ ಅದನ್ನು ದೋಣಿಯವನ ಕಣ್ಣಲ್ಲಿ ನೋಡಿರಲಿಲ್ಲ.

ಆಮೇಲೆ ಪಾಠದ ಕ್ರಮ ಬದಲಾಯಿತು. ದೋಣಿ ಹತ್ತಿದವರಿಗೆ ಮೊದಲು ಕಲಿಸುವುದು ಬೇಕಂತಲೇ ಮಗುಚಿ ಮತ್ತೆ ನೆಟ್ಟಗೆ ಮಾಡುವುದು. ತಳದಿಂದ ನೀರಿಗಿಳಿಯುವ ಹಲಗೆಯೊಂದಿದೆ, ದೋಣಿ ಗಾಳಿಗೆ ಅಡ್ಡಡ್ಡ ಜಾರದಂತೆ ಅದು ತಡೆಯುತ್ತದೆ. ಹುಡುಗರು ಅದಕ್ಕೆ ಕತ್ತಿಹಲಗೆ ಅಂತಾರೆ. ಮಗುಚಿದಾಗ ಅದರ ಮೇಲೆ ಹತ್ತಿ ಭಾರ ಬಿಟ್ಟರೆ ದೋಣಿ ಎದ್ದು ಕೂರುತ್ತದೆ. ಎದುರು ಗಾಳಿಗೆ ಹೋಗುವುದು ಹೇಗೆ ಅನ್ನುವುದೇ ಕಷ್ಟದ ಪಾಠ. ನೆಟ್ಟಗೆ ಹೋದರೆ ಹಾಯಿ ಸುಮ್ನೆ ಪಟಪಟ ಅನ್ನುತ್ತದೆ, ದೋಣಿ ನಿಲ್ಲುತ್ತದೆ. ಬೋರ್ಡಿನ ಮೇಲೆ ಬಾಣ ಬರೆದು ಎರಡು ವಾರ ಒದ್ದಾಡಿದೆ. ಕೊನೆಗೆ ಒಬ್ಬಳು ಹುಡುಗಿ, “ನಂದಿ ಬೆಟ್ಟದ ರೋಡ್ ಥರ ಅಲ್ವಾ ಮಾಮ?” ಅಂದಳು. ಹೌದಲ್ವಾ! ತಿರುವು ತಿರುವಾಗಿ ಹತ್ತುವುದು. ಅವತ್ತಿಂದ ಪ್ರತಿ ಸಲ ದೋಣಿ ತಿರುಗಿಸುವಾಗಲೂ “ತಿರುವು!” ಅಂತ ಕೂಗುವುದೇ ನಮ್ಮ ಆಜ್ಞೆ.

ಆಷಾಢದಲ್ಲಿ ಗಾಳಿಪಟದ ಗಾಳಿಯೇ ನಮಗೂ ಗಾಳಿ. ಆದರೆ ಅದು ಪಡುವಣದ್ದು, ನಮ್ಮ ಏರಿ ಇರುವುದು ಮೂಡಣಕ್ಕೆ. ಕೈತಪ್ಪಿದ ದೋಣಿ ಸೀದಾ ಏರಿಯ ಕಲ್ಲಿಗೆ. ತೂಬಿನ ಹತ್ತಿರ, ಕೋಡಿಯ ಹತ್ತಿರ ಹಗ್ಗ ಕಟ್ಟಿ ಬಾಟಲಿ ತೇಲಿಬಿಟ್ಟಿದ್ದೇವೆ. ಕೋಡಿ ಹರಿಯುವ ದಿನ ದೋಣಿ ಇಳಿಯಲ್ಲ, ಯಾರು ಹೇಳಿದರೂ ಸರಿ.

2023ರಲ್ಲಿ ಬರ. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ. ಬೇಸಿಗೆ ಹೊತ್ತಿಗೆ ನೀರು ಹಿಂದೆ ಸರಿದು ಬೊಡ್ಡೆಗಳೆಲ್ಲಾ ತಲೆ ಎತ್ತಿದವು. ದೋಣಿಗಳು ಹುಳು ಮನೆಯಲ್ಲಿ ಮಗುಚಿಕೊಂಡು ಮಲಗಿದವು. ಹುಡುಗರಿಗೆ ಬೇಜಾರು, ನನಗೆ ಒಳಗೊಳಗೇ ಖುಷಿ. ಕೊಡಲಿ, ಹಾರೆ ಹಿಡಿದು ಭಾನುವಾರಗಳೆಲ್ಲಾ ಬೊಡ್ಡೆ ಕಿತ್ತೆವು. ಕೀಳಲಾಗದವನ್ನು ಏರಿಯ ಮೇಲಿನ ಹುಣಸೆಮರದಿಂದ ಹೆಜ್ಜೆ ಅಳೆದು ಹಾಳೆಯಲ್ಲಿ ಗುರುತು ಹಾಕಿಕೊಂಡೆವು. ಆ ಹಾಳೆ ಈಗ ಲ್ಯಾಮಿನೇಷನ್ ಆಗಿ ಗೋಡೆ ಮೇಲಿದೆ.

ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಹಿಂದೆಮುಂದೆ ನೋಡಿದರು. 2023ರ ಏಷ್ಯನ್ ಗೇಮ್ಸ್‌ನಲ್ಲಿ ನೇಹಾ ಠಾಕೂರ್ ಹಾಯಿದೋಣಿಯಲ್ಲಿ ಬೆಳ್ಳಿ ಗೆದ್ದ ಫೋಟೋ ತೋರಿಸಿದೆ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತರ ಮಗಳು, ಕಲಿತದ್ದು ಭೋಪಾಲದ ಕೆರೆಯಲ್ಲಿ. “ಅಲ್ಲೂ ಸಮುದ್ರ ಇಲ್ವಾ?” ಅಂತ ಒಬ್ಬರು ಕೇಳಿದರು. ಇಲ್ಲ ಅಂದೆ. ಮುಂದಿನ ಭಾನುವಾರ ಮಗಳನ್ನು ಅವರೇ ಬೈಕಲ್ಲಿ ಬಿಟ್ಟು ಹೋದರು.

ಮೊನ್ನೆ ಮೂರನೇ ದೋಣಿಗೆ ಪ್ಲೈವುಡ್ ಬಂತು. ಇಳಿಸುತ್ತಿದ್ದಂತೆ ಪಕ್ಕದ ಅಕ್ಕ ಕಾಂಪೌಂಡಿನಿಂದಲೇ ಕೂಗಿದರು: “ಹುಳ ನಾಲ್ಕನೇ ಜ್ವರಕ್ಕೆ ಕೂತವೆ, ಡಬ್ಬ ಬಿಚ್ಚೀರ!” ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು. ಆಯ್ತಕ್ಕ ಅಂದೆ. ಸದ್ಯಕ್ಕೆ ಉಪ್ಪುಕಾಗದ ಉಜ್ಜುತ್ತಿದ್ದೇವೆ.