ಹಾಲು ಬಿಡಿಸಿದ್ದು ತಾರೀಖು ನೋಡಿ ಅಲ್ಲ, ತಿಂಡಿ ತೂಗಿ

ಎಂಟು ವಾರಕ್ಕೇ ಕರುವಿನ ಹಾಲು ನಿಲ್ಲಿಸುತ್ತೇನೆ ಅಂದಾಗ "ಬಡಕಲಾಗಿ ಸಾಯ್ತದೆ" ಅಂದವರೇ ಹೆಚ್ಚು. ಈಗ ಅವರೇ ಬಂದು ಕರುಗಳ ಬೆನ್ನು ಸವರಿ ನೋಡಿ ಹೋಗುತ್ತಾರೆ. ನಾನು ಹೇಳುತ್ತಿರುವುದು ಮಿಶ್ರತಳಿಯ ಮಾತು. ನಾಟಿ ಹಸುಗಳಲ್ಲಿ ಬಹಳಷ್ಟು, ಕರು ಮುಂದಿಲ್ಲದಿದ್ದರೆ ಹಾಲೇ ಇಳಿಸುವುದಿಲ್ಲ. ಅಲ್ಲಿ ಇದನ್ನು ಹೇರಬೇಡಿ.

ಹುಟ್ಟಿದ ಕೂಡಲೇ ಗಿಣ್ಣುಹಾಲು ಕುಡಿಸಬೇಕೆನ್ನುವುದು ನಿಮಗೆ ಗೊತ್ತೇ ಇದೆ. ಕರುವನ್ನು ತಾಯಿಯಿಂದ ಬೇರ್ಪಡಿಸುವುದಿದ್ದರೆ ಹುಟ್ಟಿದ ದಿನವೇ ಆಗಬೇಕು. ವಾರ ಕಳೆದರೆ ತಾಯಿಯೂ ಅರಚುತ್ತದೆ, ಕರುವೂ ಬಕೆಟ್ಟಿಗೆ ಮೂತಿ ಹಾಕುವುದಿಲ್ಲ. ಎರಡು ಬೆರಳು ಚೀಪಿಸುತ್ತಾ ಮೂತಿಯನ್ನು ಹಾಲಿಗೆ ಇಳಿಸಿ, ಮೆಲ್ಲಗೆ ಬೆರಳು ಜಾರಿಸಿದರೆ ಮೂರ್ನಾಲ್ಕು ಹೊತ್ತಿನಲ್ಲಿ ಕಲಿಯುತ್ತದೆ. ಆದರೂ ನೆಲದ ಬಕೆಟ್ ನನಗೆ ಒಗ್ಗಲಿಲ್ಲ. ಗಬಗಬ ಕುಡಿದಾಗ ಹಾಲು ದೊಡ್ಡ ಹೊಟ್ಟೆಗೆ (ಮೇವು ಹುದುಗುವ ಮೊದಲ ಹೊಟ್ಟೆಗೆ) ಸೋರಿ ಹುಳಿತು ಉಬ್ಬರ ಬರುತ್ತಿತ್ತು. ಈಗ ಮೊಲೆ ಇರುವ ಬಕೆಟ್ಟನ್ನು ಎರಡಡಿ ಎತ್ತರಕ್ಕೆ ತೂಗುಹಾಕಿದ್ದೇನೆ. ಹಾಲು 38–39 ಡಿಗ್ರಿ, ಹೊತ್ತು ತಪ್ಪುವಂತಿಲ್ಲ. ಬೇಗ ಮುಗಿಯಲಿ ಎಂದು ಮೊಲೆಯ ತೂತು ದೊಡ್ಡದು ಮಾಡುವವರಿದ್ದಾರೆ. ಹಾಲು ಶ್ವಾಸಕೋಶಕ್ಕೆ ಹೋದರೆ ಕರು ಕೈಬಿಟ್ಟಂತೆಯೇ.

ನಿಜವಾದ ಕೆಲಸ ತಿಂಡಿಯದು. ನಾಲ್ಕನೇ ದಿನದಿಂದ ಒಂದು ಮುಷ್ಟಿ ಸ್ಟಾರ್ಟರ್, ಅಂದರೆ ಎಳೆಗರುಗಳಿಗೆಂದೇ ಮಾಡಿದ ಕಾಳಿನ ತಿಂಡಿ. ಹಾಲು ಮುಗಿದರೂ ಚೀಪುವ ಚಟ ಇಳಿದಿರುವುದಿಲ್ಲವಲ್ಲ, ಆಗಲೇ ಒಂದು ಚಿಟಿಕೆ ಬಾಯಿಗೆ ಹಾಕಬೇಕು. ಉಳಿದದ್ದನ್ನು ದಿನಾ ದೊಡ್ಡ ದನಗಳಿಗೆ ಸುರಿದುಬಿಡಿ, ಹಳಸಲು ವಾಸನೆ ಬಂದರೆ ಕರು ಮೂಸಿಯೂ ನೋಡುವುದಿಲ್ಲ. ಪುಡಿ ತಿಂಡಿ ಮೂಗಿಗೆ ಮೆತ್ತಿ ಕೆಮ್ಮು ಬಂತು; ದಪ್ಪ ನುಚ್ಚು, ಗುಳಿಗೆ ಎರಡೂ ನಡೆದವು. ರುಚಿಗೆ ತಿಂಡಿಯ ಮೇಲೆ ನಾನು ಉದುರಿಸುವುದು ಏನೆಂದು ಕೇಳಬೇಡಿ, ಅದು ನನ್ನ ಗುಟ್ಟು. ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಅಲ್ಲ, ಅಷ್ಟು ಹೇಳಬಲ್ಲೆ.

ತಿಂಡಿ ಮುಂದಿದ್ದೂ ತಿನ್ನದ ಕರುಗಳಿಗೆ ಬಹುಪಾಲು ಕೊರತೆಯಾಗಿದ್ದು ನೀರು. ಹಾಲು ದೊಡ್ಡ ಹೊಟ್ಟೆಯನ್ನು ದಾಟಿಕೊಂಡು ಹೋಗುತ್ತದೆ. ಅಲ್ಲಿ ತಿಂಡಿ ಹುದುಗಲು ಬೇರೆ ನೀರೇ ಬೇಕು. ನೀರಿನ ಬಕೆಟ್, ತಿಂಡಿಯ ಬಕೆಟ್ ಅಕ್ಕಪಕ್ಕ ಇಟ್ಟರೆ ಬಾಯಿಂದ ನೀರು ಸುರಿದು ತಿಂಡಿ ಗಂಜಿಯಾಗುತ್ತದೆ, ನಡುವೆ ಒಂದು ಮೊಳವಾದರೂ ಬಿಡಿ.

ತಿಂಡಿಯ ಬದಲು ಹುಲ್ಲು ಹಾಕಿ ದುಡ್ಡು ಉಳಿಸಲು ಹೋದ ಬ್ಯಾಚು ಹೊಟ್ಟೆ ಡೊಳ್ಳು, ಬೆನ್ನು ಮೂಳೆ ಆಯಿತು. ದೊಡ್ಡ ಹೊಟ್ಟೆಯ ಒಳಪೊರೆಯನ್ನು ಬೆಳೆಸುವುದು ಕಾಳಿನ ಹುದುಗುವಿಕೆ, ಹುಲ್ಲಲ್ಲ. ಮೊದಲ ತಿಂಗಳು ಒಣಹುಲ್ಲು ಬಾಯಾಡಿಸಲು ಒಂದು ಹಿಡಿ ಸಾಕು.

ಸತತ ಮೂರು ದಿನ ದಿನಕ್ಕೆ ಒಂದು ಕೆಜಿ ತಿಂಡಿ ತಿಂದರೆ ಹಾಲು ಬಿಡಿಸಬಹುದು. ಸಣ್ಣ ಮೈಕಟ್ಟಿನವುಗಳಿಗೆ ಎಂಟುನೂರು ಗ್ರಾಂಗೇ ಬಿಡಿಸಿದ್ದೇನೆ. ತೂಗಿಯೇ ಹಾಕಬೇಕು, ಕಣ್ಣಳತೆಯಲ್ಲಿ ಮೋಸ. ಒಮ್ಮೆಲೇ ನಿಲ್ಲಿಸಿದವು ಹತ್ತು ಹದಿನೈದು ದಿನ ತೂಕವೇ ಏರಲಿಲ್ಲ. ಈಗ ಮೊದಲು ಸಂಜೆಯ ಹಾಲು ನಿಲ್ಲಿಸಿ, ವಾರದ ಮೇಲೆ ಬೆಳಗಿನದ್ದು ಅರ್ಧ, ಆಮೇಲೆ ಸೊನ್ನೆ. ಕೊಂಬು ಸುಡುವುದು, ಲಸಿಕೆ, ಜಾಗ ಬದಲಿಸುವುದು ಯಾವುದೂ ಆ ವಾರ ಬೇಡ.

ನಡುವೆ ಇನ್ನೊಂದು ಪ್ರಯೋಗ: ಎರಡನೇ ವಾರದಿಂದ ಜೋಡಿ ಜೋಡಿಯಾಗಿ ಬಿಟ್ಟೆ. ಧೈರ್ಯದ ಕರು ತಿಂಡಿಗೆ ಬಾಯಿ ಹಾಕಿದರೆ ಅಂಜುಬುರುಕವೂ ಹಾಕುತ್ತದೆ. ಕಾಟವೆಂದರೆ ಹಾಲಾದ ಮೇಲೆ ಒಂದರ ಕಿವಿ, ಹೊಕ್ಕುಳು ಇನ್ನೊಂದು ಚೀಪುವುದು. ಖಾಲಿ ಮೊಲೆಯನ್ನು ಹತ್ತು ನಿಮಿಷ ಬಿಟ್ಟರೆ ಅದೂ ಇಳಿಯುತ್ತದೆ.

ಖರ್ಚು ಅಂದಾಜಿಗೆ: ಎಂಟು ವಾರಕ್ಕೆ ಕರುವಿಗೆ 230 ಲೀಟರ್ ಹಾಲು, 20–25 ಕೆಜಿ ತಿಂಡಿ. ನಾಲ್ಕು ತಿಂಗಳು ಕುಡಿಸಿದರೆ ಹಾಲು ಇದರ ಎರಡರಷ್ಟು. ತಿಂಡಿಯ ದುಡ್ಡು ಕಳೆದರೂ ಕೈಯಲ್ಲಿ ಚೆನ್ನಾಗಿಯೇ ಉಳಿಯಿತು. ಒಂದು ಕೆಜಿ ಮುಟ್ಟದ ಕರುವಿಗೆ ಮಾತ್ರ ಎರಡು ವಾರ ಹೆಚ್ಚು ಹಾಲು ಕೊಡಿ. ಭೇದಿಯಿಂದ ಎದ್ದ ಕರುಗಳೇ ಸಾಮಾನ್ಯವಾಗಿ ಹೀಗೆ ಹಿಂದೆ ಬೀಳುವುದು.