ಕಾಯಿಲೆಯ ನಂತರ ಕೆಲಸಕ್ಕೆ ಮರಳುವವರಿಗೆ ನೆರವಾಗುವುದು ಹೇಗೆ?

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರನ್ನಾಗಲಿ, ಅಪಘಾತದಿಂದ ಅಂಗವೈಕಲ್ಯ ಉಂಟಾದವರನ್ನಾಗಲಿ, ‘ಪೂರ್ತಿ ಗುಣವಾದ ಮೇಲೆ ನೋಡೋಣ’ ಎಂದು ವರ್ಷಗಟ್ಟಲೆ ಮನೆಯಲ್ಲೇ ಕೂರಿಸುವುದು ಸರಿಯಲ್ಲ. ಬಿಡುವು ಉದ್ದವಾದಷ್ಟೂ ಮರಳುವುದು ಕಠಿಣವಾಗುವುದರಿಂದ, ವೈದ್ಯರು ಒಪ್ಪಿದ ಕೂಡಲೇ ಸಿದ್ಧತೆ ಆರಂಭಿಸಬೇಕು.

ಮೊದಲು ಅವರ ಕೆಲಸವನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ. ಶಿರಸಿಯ ಅಡಿಕೆ ವಖಾರಿಯೊಂದರ ಗುಮಾಸ್ತರ ಕೆಲಸವೆಂದರೆ ತೂಕ ಬರೆಯುವುದು, ಚೀಲ ಎಣಿಸುವುದು, ವ್ಯಾಪಾರದ ಗದ್ದಲದ ನಡುವೆ ಬೆಳೆಗಾರರೊಂದಿಗೆ ಮಾತನಾಡುವುದು, ಸಂಜೆ ಲೆಕ್ಕ ಹೊಂದಿಸುವುದು. ಇವುಗಳಲ್ಲಿ ಈಗಲೇ ಆಗುವುದು ಯಾವುದು, ತಿಂಗಳು ಕಳೆದು ಸೇರಿಸಬಹುದಾದದ್ದು ಯಾವುದು, ಬೇರೆಯವರಿಗೆ ವಹಿಸಬೇಕಾದದ್ದು ಯಾವುದು ಎಂಬುದನ್ನು ಅವರನ್ನೇ ಕೇಳಿ, ಮಾಲೀಕರೊಂದಿಗೆ ಕುಳಿತು ನಿರ್ಧರಿಸಿ, ಒಂದು ಹಾಳೆಯಲ್ಲಿ ಬರೆದಿಡಿ. ಬಾಯಿಮಾತಿನ ಒಪ್ಪಂದ ಹಂಗಾಮು ಬಂದೊಡನೆ ಮರೆತುಹೋಗುತ್ತದೆ.

ಎರಡನೆಯದು ಔಷಧ ಮತ್ತು ವೇಳೆ. ರಾತ್ರಿ ನುಂಗಿದ ಕೆಲವು ಮಾತ್ರೆಗಳ ಮಂಪರು ಬೆಳಿಗ್ಗೆಯೂ ಉಳಿಯುತ್ತದೆ; ಕುಮಟಾದಿಂದ ಮೊದಲ ಬಸ್ಸಿಗೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರಬೇಕಾದವರಿಗೆ ಆರಂಭದಲ್ಲಿ ಮಧ್ಯಾಹ್ನದ ಕೆಲವೇ ಗಂಟೆಗಳ ಕೆಲಸ ಹೊಂದಬಹುದು. ಮನಸ್ಥಿತಿಯ ತೀವ್ರ ಏರಿಳಿತಕ್ಕೆ ಕೊಡುವ ಲಿಥಿಯಂ ಔಷಧ ಸೇವಿಸುವವರು ಕಾರವಾರದ ಬೈತಖೋಲ ಬಂದರಿನಂಥ ಕಡೆ ಬಿಸಿಲಲ್ಲಿ ಬೆವರಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಔಷಧದ ಪ್ರಮಾಣ ಅಪಾಯಕರ ಮಟ್ಟಕ್ಕೆ ಏರಬಹುದು. ಆದ್ದರಿಂದ ಕೆಲಸದ ಸ್ವರೂಪವನ್ನು ವೈದ್ಯರಿಗೆ ವಿವರಿಸಲೇಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು.

ಕಾಯಿಲೆಯ ಹೆಸರನ್ನು ಸಹೋದ್ಯೋಗಿಗಳಿಗೆ ಹೇಳಬೇಕೇ ಎಂಬುದು ಸಂಬಂಧಪಟ್ಟವರ ತೀರ್ಮಾನ. ಊರು ಚಿಕ್ಕದಾದಷ್ಟೂ ಸುದ್ದಿ ಬೇಗ ಹರಡುತ್ತದೆ. ‘ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಲು ಬಿಡುವು ಬೇಕು’ ಎಂದು ಅಗತ್ಯವನ್ನಷ್ಟೇ ತಿಳಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಸರ್ಕಾರಿ ನೌಕರರಿಗೆ ಕಾನೂನಿನ ಬಲವಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ. ಸೇವೆಯಲ್ಲಿರುವಾಗ ವೈಕಲ್ಯ ಉಂಟಾದವರನ್ನು ಕೆಲಸದಿಂದ ತೆಗೆಯಬಾರದು, ಹುದ್ದೆಯನ್ನೂ ಇಳಿಸಬಾರದು, ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಬದಲಾಯಿಸಬಹುದು ಎಂದು ಅದರ 20ನೇ ಪ್ರಕರಣ ಹೇಳುತ್ತದೆ. ಖಾಸಗಿ ನೌಕರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲವಾದ್ದರಿಂದ ಅಲ್ಲಿ ಮೇಲೆ ಹೇಳಿದ ಹಾಳೆಯ ಮಹತ್ವ ಹೆಚ್ಚು. ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ನೀಡುವ ವಿಶಿಷ್ಟ ಗುರುತಿನ ಚೀಟಿ) ಅರ್ಜಿ ಸಲ್ಲಿಸಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಕೊನೆಯದಾಗಿ, ಕಾಯಿಲೆ ಮರುಕಳಿಸುವ ಮುನ್ಸೂಚನೆಗಳನ್ನೂ ಅದೇ ಹಾಳೆಗೆ ಸೇರಿಸಿ: ನಿದ್ರೆ ತಪ್ಪುವುದು, ಊಟ ಬಿಡುವುದು, ಮಾತು ಏಕಾಏಕಿ ಹೆಚ್ಚುವುದು ಅಥವಾ ನಿಲ್ಲುವುದು. ಇವು ಕಂಡಾಗ ಯಾರಿಗೆ ತಿಳಿಸಬೇಕು, ಎಷ್ಟು ದಿನ ರಜೆ ಕೊಡಬೇಕು ಎಂಬುದು ಮೊದಲೇ ಗೊತ್ತಾಗಿರಲಿ. ಚಿಕಿತ್ಸೆ ನೀಡುವ ವೈದ್ಯರು ಸಿಗದ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು.