ಮನೆ ದಾರಿಯ ಮರ ಸವರಿದ್ದು: ನನ್ನ ಅನುಭವ

ಮೂಡಿಗೆರೆ ಕಡೆ ನಮ್ಮ ಮನೆ. ಟಾರು ರಸ್ತೆಯಿಂದ ಅಂಗಳಕ್ಕೆ 80 ಹೆಜ್ಜೆ ಮಣ್ಣಿನ ದಾರಿ. ಒಂದು ಕಡೆ ಕಾಡುಮಾವು, ಇನ್ನೊಂದು ಕಡೆ ಎರಡು ಹಲಸು. ಎಲ್ಲಾ ಅಜ್ಜ ನೆಟ್ಟಿದ್ದು. ಅವುಗಳ ನೆರಳಲ್ಲೇ ಆಡಿ ಬೆಳೆದವಳು ನಾನು. ಕತ್ತಿ ಮುಟ್ಟಿಸಲು ಮನಸ್ಸೇ ಬರುತ್ತಿರಲಿಲ್ಲ.

ಒಂದು ಜುಲೈ ರಾತ್ರಿ ಅಪ್ಪನಿಗೆ ಉಸಿರು ಕಟ್ಟಿತು. 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬೇಗನೇ ಬಂತು, ಆದರೆ ಗೇಟಿನ ಹತ್ತಿರವೇ ನಿಂತಿತು. ಮಾವಿನ ಕೊಂಬೆ ಮಳೆಗೆ ನೆನೆದು ದಾರಿಗೆ ಜೋತುಬಿದ್ದಿತ್ತು. ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕೆಸರಲ್ಲಿ ನಾಲ್ಕು ಜನ ಹೊತ್ತುಕೊಂಡು ಹೋದೆವು. ಅಪ್ಪ ಹುಷಾರಾಗಿ ಮನೆಗೆ ಬಂದರು. ಆದರೆ ಆ 80 ಹೆಜ್ಜೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಮುಂದಿನ ವಾರವೇ ಸಿಟ್ಟಿನಲ್ಲಿ ಮಚ್ಚು ಹಿಡಿದು ಹೋದೆ. ಅದು ತಪ್ಪಾಯಿತು. ಮೇಲಿಂದ ಕಡಿಯುತ್ತಿದ್ದಂತೆ ಕೊಂಬೆ ಅರ್ಧಕ್ಕೇ ಮುರಿದು, ಕಾಂಡದ ಸಿಪ್ಪೆಯನ್ನು ಮೊಳದುದ್ದ ಸೀಳಿಕೊಂಡು ಬಿತ್ತು. ಇನ್ನೊಂದನ್ನು ಎರಡು ಅಡಿ ಮೋಟು ಬಿಟ್ಟು ಕಡಿದೆ. ವರ್ಷ ಕಳೆಯುವಷ್ಟರಲ್ಲಿ ಆ ಮೋಟಿನಿಂದ ಪೊರಕೆ ಕಟ್ಟಿನ ಹಾಗೆ ಚಿಗುರೆದ್ದು, ಮತ್ತೆ ದಾರಿಗೇ ಬಾಗಿತು. ಅಂಥ ಚಿಗುರಿನ ಬುಡ ಗಟ್ಟಿ ಇರಲ್ಲ, ಜೋರು ಗಾಳಿಗೆ ಕಿತ್ತು ಬರುತ್ತದೆ.

ಆಮೇಲೆ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡುವ ಒಬ್ಬರನ್ನು ಕರೆದೆ. ಅವರು ಬಂದವರೇ ಮರ ಹತ್ತಲಿಲ್ಲ. ಕೊಂಬೆ ಕಾಂಡಕ್ಕೆ ಕೂಡುವ ಕಡೆ ಬೆರಳಿಟ್ಟು, "ನೋಡಕ್ಕಾ, ಇಲ್ಲಿ ಬಳೆ ತರ ಉಬ್ಬಿದೆ ಅಲ್ವಾ? ಇದು ಕಾಂಡದ್ದು. ಇದನ್ನ ಬಿಟ್ಟು ಆಚೆಗೆ ಕೊಯ್ಯಬೇಕು" ಅಂದರು. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಕಂಡುಕೊಂಡದ್ದೂ ಇದನ್ನೇ ಎಂದು ಮುಂದೆ ಓದಿ ತಿಳಿದೆ. ಮರದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ. ಮರ ಒಳಗೆ ಗೋಡೆ ಕಟ್ಟಿ ಕೊಳೆಯನ್ನು ತಡೆಯುತ್ತದೆ, ಹೊರಗಿನಿಂದ ಹೊಸ ತೊಗಟೆ ಬೆಳೆಸಿ ಮುಚ್ಚಿಕೊಳ್ಳುತ್ತದೆ. ಆ ಕೆಲಸ ನಡೆಯುವುದು ಬಳೆಯ ಜಾಗದಲ್ಲಿ. ಕಾಂಡಕ್ಕೆ ಸವರಿದ ಹಾಗೆ ಕೊಯ್ದರೆ ಬಳೆಯೇ ಹೋಯಿತು. ಮೋಟು ಬಿಟ್ಟರೆ ಅದು ಕೊಳೆತು ಒಳಗೆ ದಾರಿ ಮಾಡಿಕೊಡುತ್ತದೆ.

ದಪ್ಪ ಕೊಂಬೆಗೆ ಈಗ ಮೂರು ಕೊಯ್ತ ಹಾಕುತ್ತೇವೆ. ಕಾಂಡದಿಂದ ಒಂದು ಅಡಿ ಆಚೆ, ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ. ಅದಕ್ಕಿಂತ ನಾಲ್ಕು ಬೆರಳು ಆಚೆ ಮೇಲಿನಿಂದ ಪೂರ್ತಿ. ಕೊಂಬೆ ಸಿಪ್ಪೆ ಸೀಳದೆ ಬೀಳುತ್ತದೆ. ಉಳಿದ ಮೋಟನ್ನು ಬಳೆಯ ಆಚೆಗೆ ನಿಧಾನವಾಗಿ ಕೊಯ್ಯುವುದು ಮೂರನೆಯದು. ಇದಕ್ಕೆ ಮಚ್ಚು ಬೇಡ, ಹರಿತವಾದ ಗರಗಸವೇ ಬೇಕು. ಡಾಂಬರು, ಪೇಂಟು ಬಳಿಯುವುದರಿಂದ ಪ್ರಯೋಜನವಿಲ್ಲ. ಮಾವಿನ ದೊಡ್ಡ ಗಾಯಕ್ಕೆ ಮಾತ್ರ ಶಿಲೀಂಧ್ರ ತಡೆಯುವ ಬೋರ್ಡೊ ಪೇಸ್ಟ್ ಹಚ್ಚುತ್ತೇನೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 10 ಲೀಟರ್ ನೀರಿನ ಲೆಕ್ಕ.

ಆದರೆ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅಳತೆ. ಬೇಸಿಗೆಯಲ್ಲಿ ದಾರಿ ಎಷ್ಟು ತೆರವಾಗಿ ಕಾಣುತ್ತದೋ, ಮಳೆಯಲ್ಲಿ ಅಷ್ಟೇ ಮುಚ್ಚಿಕೊಳ್ಳುತ್ತದೆ. ನೆನೆದ ಎಲೆಯ ಭಾರಕ್ಕೆ, ಕಾಯಿಯ ಭಾರಕ್ಕೆ ಕೊಂಬೆ ತುಂಬಾ ಕೆಳಗೆ ಇಳಿಯುತ್ತದೆ. ನಮ್ಮಲ್ಲಿಗೆ ಬರುವ ಗೊಬ್ಬರದ ಲಾರಿ ಲೋಡ್ ಸಮೇತ 12 ಅಡಿ. ಅದಕ್ಕೇ 14 ಅಡಿ ಬಿದಿರು ಕಡಿದಿಟ್ಟುಕೊಂಡಿದ್ದೇನೆ. ಜೋರು ಮಳೆ ನಿಂತ ಕೂಡಲೇ ಅದನ್ನು ನೆಟ್ಟಗೆ ಹಿಡಿದು ದಾರಿಯುದ್ದಕ್ಕೂ ನಡೆಯುತ್ತೇನೆ. ಎಲ್ಲಿ ತಾಗುತ್ತದೋ ಆ ರೆಂಬೆಗೆ ದೋಟಿಯಿಂದ (ಕಾಯಿ ಕೀಳುವ ಉದ್ದ ಕೋಲು) ಕೆಂಪು ಬಟ್ಟೆ ಸಿಕ್ಕಿಸುತ್ತೇನೆ. ಕೊಯ್ಯುವುದು ಮಾರ್ಚಿನಲ್ಲಿ. ಸುರಿಮಳೆಯಲ್ಲಿ ಕೊಯ್ದರೆ ಗಾಯ ಒಣಗುವುದೇ ಇಲ್ಲ, ಹತ್ತುವವರ ಕಾಲೂ ಜಾರುತ್ತದೆ. ಮಾರ್ಚಿನಲ್ಲಿ ಕೊಯ್ದರೆ ಆ ಕೊಂಬೆಯ ಮಾವಿನಮಿಡಿ ಹೋಗುತ್ತದೆ ನಿಜ. ನಾನು ಅದಕ್ಕೆ ಒಪ್ಪಿದ್ದೇನೆ. ಹಲಸು ಕಾಂಡದಲ್ಲೂ ದಪ್ಪ ಕೊಂಬೆಯಲ್ಲೂ ಕಾಯಿ ಬಿಡುವುದರಿಂದ ತುದಿ ರೆಂಬೆ ತೆಗೆದರೆ ನಷ್ಟವಿಲ್ಲ.

ಒಂದೇ ವರ್ಷ ಎಲ್ಲಾ ಬೋಳಿಸಬೇಡಿ. ಒಂದು ಮರದ ಎಲೆಯಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ನಾನು ತೆಗೆಸುವುದಿಲ್ಲ. ಮಾವಿನ ಕೆಳಗಿನ ಕೊಂಬೆಗಳನ್ನು ತೆಗೆಯಲು ನಮಗೆ ಮೂರು ವರ್ಷ ಹಿಡಿಯಿತು.

ಹತ್ತುವ ಮೊದಲು ಚಗಳಿ ಇರುವೆಯ ಗೂಡು, ಜೇನು, ಹಕ್ಕಿ ಗೂಡು ನೋಡಿಕೊಳ್ಳಿ. ಹಕ್ಕಿ ಗೂಡಿದ್ದರೆ ಮರಿ ಹಾರುವವರೆಗೆ ಕಾಯುತ್ತೇವೆ. ಗೇಟಿನ ಹಲಸಿನ ಒಂದು ರೆಂಬೆ ಕರೆಂಟ್ ತಂತಿಗೆ ಹತ್ತಿರವಿತ್ತು. ಅದನ್ನು ನಾವು ಮುಟ್ಟಲೇ ಇಲ್ಲ. ಲೈನ್‌ಮನ್ ಬಂದು ಲೈನ್ ಆಫ್ ಮಾಡಿದ ಮೇಲೇ ತೆಗೆಸಿದ್ದು. ತಂತಿ ಇರುವ ಕಡೆ ಅಲ್ಯೂಮಿನಿಯಂ ಏಣಿ, ಕಬ್ಬಿಣದ ದೋಟಿ ಯಾವ ಕಾರಣಕ್ಕೂ ಬೇಡ. ಇನ್ನೊಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಮ್ಮ ಸ್ವಂತ ಜಾಗದ ಮರಕ್ಕೂ ಅನ್ವಯಿಸುತ್ತದೆ, ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಾನು ಮೊದಲೇ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿಕೊಂಡು ಬಂದೆ.

ಈ ವರ್ಷ ಮೊದಲ ಜೋರು ಮಳೆ ಬಿಟ್ಟಾಗ ಅಪ್ಪ ತಾವೇ ಬಿದಿರು ಹಿಡಿದು ಹೊರಟರು. ನಾನು ಛತ್ರಿ, ದೋಟಿ ಹಿಡಿದು ಹಿಂದೆ ನಡೆದೆ. ಎರಡು ಕಡೆ ತಾಗಿತು. ಎರಡಕ್ಕೂ ಕೆಂಪು ಬಟ್ಟೆ ಸಿಕ್ಕಿಸಿ ಬಂದೆವು.